ಔಷಧ ಶುರುವಾದ ಮೇಲೆ ಮೂತ್ರದ ತಾಮ್ರ 210ರಿಂದ 900ಕ್ಕೆ ಏರಿದೆ, ಮಗನ ಕಾಯಿಲೆ ಬಲಿಯಿತೇ?

ಪ್ರಶ್ನೆ: ನಾವು ಗದಗ-ಬೆಟಗೇರಿಯವರು. ಮಗನಿಗೆ 14 ವರ್ಷ, ತೂಕ 40 ಕಿಲೋ. ಎರಡು ಸಲ ಕಾಮಣಿ ಆಯಿತು. ಹಳ್ಳಿಯಲ್ಲಿ ಕಾಮಣಿ ಔಷಧ ಹಾಕಿಸಿದೆವು, ಇಳಿದು ಮತ್ತೆ ಬಂತು. ಹುಬ್ಬಳ್ಳಿಯಲ್ಲಿ ತೋರಿಸಿದಾಗ ವಿಲ್ಸನ್ ಕಾಯಿಲೆ, ಲಿವರ್‌ನಲ್ಲಿ ತಾಮ್ರ ತುಂಬಿದೆ ಎಂದರು. ತಾಮ್ರ ಹೊರುವ ರಕ್ತದ ಪ್ರೋಟೀನ್ ಸೆರುಲೋಪ್ಲಾಸ್ಮಿನ್ 8, ಇಪ್ಪತ್ನಾಲ್ಕು ತಾಸಿನ ಮೂತ್ರದಲ್ಲಿ ತಾಮ್ರ 210 ಇತ್ತು. ಪೆನಿಸಿಲಮೈನ್ ಮತ್ತು ಜಿಂಕ್ ಬರೆದುಕೊಟ್ಟಿದ್ದಾರೆ. ಎರಡನ್ನೂ ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ ಒಟ್ಟಿಗೇ ಕೊಡುತ್ತಿದ್ದೇವೆ. ಆರು ವಾರದ ಮೇಲೆ ಮೂತ್ರದ ತಾಮ್ರ 900 ಬಂದಿದೆ. ಮನೆಯಲ್ಲಿ ಮೊದಲಿನಿಂದಲೂ ತಾಮ್ರದ ಕೊಡದ ನೀರೇ ಕುಡಿಯುವುದು, ಅದರಿಂದಲೇ ಬಂತೇ? ಡ್ರಿಪ್ ಹಾಕಿ ಲೋಹವನ್ನೆಲ್ಲ ಒಮ್ಮೆಲೇ ತೆಗೆಯುತ್ತಾರೆ ಎನ್ನುತ್ತಾರೆ, ಮಾಡಿಸಬಹುದೇ? ಅವನ ತಂಗಿಗೆ 9 ವರ್ಷ, ಆರಾಮಾಗಿದ್ದಾಳೆ. ನಮ್ಮದು ಸೋದರ ಸಂಬಂಧದ ಮದುವೆ.

ಉತ್ತರ: 900 ನೋಡಿ ಗಾಬರಿಯಾಗಬೇಡಿ ತಾಯಿ. ಅದು ಮಗನ ಮೈಯಲ್ಲಿ ಉಳಿದ ತಾಮ್ರವಲ್ಲ, ಮೈಬಿಟ್ಟು ಹೊರಬಿದ್ದ ತಾಮ್ರ. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 40 ಮೈಕ್ರೋಗ್ರಾಂಗಿಂತ ಕಡಿಮೆ ತಾಮ್ರ ಹೋಗುತ್ತದೆ. ಔಷಧವಿಲ್ಲದೆಯೇ 100 ದಾಟಿದರೆ ವಿಲ್ಸನ್ ಕಾಯಿಲೆಯ ಗುಮಾನಿ ಬಲವಾಗುತ್ತದೆ. ನಿಮ್ಮ 210 ಆ ಲೆಕ್ಕದ್ದು. ಪೆನಿಸಿಲಮೈನ್ ಹೊಟ್ಟೆಗೆ ಬಿದ್ದ ದಿನದಿಂದ ಅದೇ ಪರೀಕ್ಷೆಯ ಅರ್ಥ ತಿರುವುಮುರುವಾಗುತ್ತದೆ. ಶುರುವಿನ ತಿಂಗಳುಗಳಲ್ಲಿ ಅಂಕಿ 1000 ದಾಟುವುದೂ ಉಂಟು, ಅದು ಔಷಧ ಕೆಲಸ ಮಾಡುತ್ತಿರುವ ಗುರುತು. ಕೂಡಿಬಿದ್ದದ್ದು ಕರಗುತ್ತ ಬಂದಂತೆ, ಸುಮಾರು ವರ್ಷದ ಮೇಲೆ, ಅದು 200ರಿಂದ 500ರ ನಡುವೆ ನಿಲ್ಲಬೇಕು.

200ರ ಕೆಳಗೆ ಇಳಿದಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ಅದಕ್ಕೆ ಎರಡು ತದ್ವಿರುದ್ಧ ಅರ್ಥಗಳಿವೆ. ಒಂದೋ ತಾಮ್ರ ತೀರ ಕಡಿಮೆಯಾಗಿದೆ, ಇಲ್ಲವೇ ಹುಡುಗ ಮಾತ್ರೆ ನುಂಗುತ್ತಿಲ್ಲ. ಯಾವುದೆಂದು ತಿಳಿಯಲು ರಕ್ತದ ಬಿಡಿ ತಾಮ್ರದ ಲೆಕ್ಕ ಹಾಕುತ್ತಾರೆ: ರಕ್ತದ ಒಟ್ಟು ತಾಮ್ರದಿಂದ ಸೆರುಲೋಪ್ಲಾಸ್ಮಿನ್‌ನ ಮೂರರಷ್ಟನ್ನು ಕಳೆಯುವುದು. 100 ಮಿಲಿಲೀಟರಿಗೆ ಸೆರುಲೋಪ್ಲಾಸ್ಮಿನ್ 8 ಮಿಲಿಗ್ರಾಂ, ಒಟ್ಟು ತಾಮ್ರ 55 ಮೈಕ್ರೋಗ್ರಾಂ ಎಂದಿಟ್ಟುಕೊಂಡರೆ 55ರಲ್ಲಿ 24 ಕಳೆದು 31 ಉಳಿಯುತ್ತದೆ. ಚಿಕಿತ್ಸೆ ಸರಿಯಾಗಿ ನಡೆದಿದ್ದರೆ ಇದು 5ರಿಂದ 15ರೊಳಗೆ ಇರಬೇಕು. 15ರ ಮೇಲಿದ್ದರೆ ಔಷಧ ತಪ್ಪುತ್ತಿದೆ, 5ರ ಕೆಳಗೆ ಹೋದರೆ ಅತಿಯಾಗಿದೆ. ಅತಿಯಾದರೂ ಕೇಡೇ. ತಾಮ್ರ ತೀರ ಇಳಿದರೆ ರಕ್ತ ಕಡಿಮೆಯಾಗುತ್ತದೆ, ಬಿಳಿ ರಕ್ತಕಣ ಕುಸಿಯುತ್ತದೆ.

ಇನ್ನು ತಾಮ್ರದ ಕೊಡದ ಮಾತು. ಕಾಯಿಲೆ ಕೊಡದಿಂದ ಬಂದದ್ದಲ್ಲ. ದಿನದ ಅಡುಗೆಯಲ್ಲೇ ಎಲ್ಲರಿಗೂ ಒಂದರಿಂದ ಎರಡು ಮಿಲಿಗ್ರಾಂ ತಾಮ್ರ ಸಿಗುತ್ತದೆ, ಅದು ದೇಹಕ್ಕೆ ಬೇಕು ಕೂಡ. ಹೆಚ್ಚಾದದ್ದನ್ನು ಲಿವರ್ ಪಿತ್ತದ ಜೊತೆ ಕರುಳಿಗೆ ಬಿಟ್ಟು ಮಲದಲ್ಲಿ ಹೊರಹಾಕುತ್ತದೆ. ನಿಮ್ಮ ಮಗನಲ್ಲಿ ಕೆಟ್ಟಿರುವುದು ಆ ಹೊರಬಾಗಿಲು.

ಅದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಔಷಧಗಳ ಹೊತ್ತುಗೊತ್ತಿನ ಕಟ್ಟುಪಾಡು ಯಾಕೆಂದು ತಿಳಿಯುತ್ತದೆ. ಜೀವಕೋಶದ ಒಳಗೆ ತಾಮ್ರ ಬಿಡಿಯಾಗಿ ಓಡಾಡುವಂತಿಲ್ಲ. ಬಿಟ್ಟರೆ ಕೆಂಡದಂತೆ, ಮುಟ್ಟಿದ್ದನ್ನೆಲ್ಲ ಸುಡುತ್ತದೆ. ಹಾಗಾಗಿ ಪ್ರೋಟೀನುಗಳು ಅದನ್ನು ಇಕ್ಕಳದಲ್ಲಿ ಹಿಡಿದಂತೆ ಕೈಯಿಂದ ಕೈಗೆ ದಾಟಿಸುತ್ತವೆ. ಈ ಹಿಡಿತ ಎಷ್ಟು ಬಿಗಿ ಎಂದರೆ, ಒಂದು ಯೀಸ್ಟ್ ಜೀವಕೋಶದಲ್ಲಿ ಸರಾಸರಿ ಒಂದೇ ಒಂದು ಬಿಡಿ ತಾಮ್ರದ ಅಯಾನು ಕೂಡ ಇರುವುದಿಲ್ಲ ಎಂದು 1999ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಲಿವರ್ ಜೀವಕೋಶದ ಹೊರಗೋಡೆಯಲ್ಲಿ ಸಿಟಿಆರ್1 ಎಂಬ ಪ್ರೋಟೀನ್ ತಾಮ್ರವನ್ನು ಒಳಗೆ ತೆಗೆದುಕೊಳ್ಳುತ್ತದೆ. ಅಟಾಕ್ಸ್1 ಎಂಬ ಪುಟ್ಟ ಹಮಾಲ ಅದನ್ನು ಹೊತ್ತು ಎಟಿಪಿ7ಬಿ ಎಂಬ ಪಂಪಿಗೆ ಒಪ್ಪಿಸುತ್ತಾನೆ. ಈ ಪಂಪಿಗೆ ಎರಡು ಕೆಲಸ. ಸೆರುಲೋಪ್ಲಾಸ್ಮಿನ್ ಎಂಬ ರಕ್ತದ ಪ್ರೋಟೀನಿಗೆ ಆರು ತಾಮ್ರದ ಪರಮಾಣು ತುಂಬಿ ಕಳಿಸುವುದು ಒಂದು. ತಾಮ್ರ ಹೆಚ್ಚಾದಾಗ ಪಿತ್ತನಾಳದ ಕಡೆ ಸರಿದು ಹೊರಗೆ ನೂಕುವುದು ಇನ್ನೊಂದು. ವಿಲ್ಸನ್ ಕಾಯಿಲೆ ಎಂದರೆ ಈ ಪಂಪಿನ ಜೀನ್ ತಾಯಿಯಿಂದಲೂ ತಂದೆಯಿಂದಲೂ ಕೆಟ್ಟೇ ಬಂದಿದೆ ಎಂದರ್ಥ. ತಾಮ್ರ ತುಂಬದ ಸೆರುಲೋಪ್ಲಾಸ್ಮಿನ್ ರಕ್ತದಲ್ಲಿ ಬೇಗ ಒಡೆದುಹೋಗುತ್ತದೆ. 20ರಿಂದ 40 ಇರಬೇಕಾದ ಅಂಕಿ ನಿಮ್ಮ ಮಗನಲ್ಲಿ 8 ಆದದ್ದು ಹಾಗೆ. ಹೊರಹೋಗಬೇಕಾದ ತಾಮ್ರ ಲಿವರ್‌ನಲ್ಲೇ ಕೂತಿತು, ಅಲ್ಲಿ ತುಂಬಿ ತುಳುಕಿದ್ದು ಮಿದುಳಿಗೆ, ಕಣ್ಣಿನ ಕರಿಗುಡ್ಡೆಯ ಅಂಚಿಗೆ, ಮೂತ್ರಪಿಂಡಕ್ಕೆ ಹರಿಯುತ್ತದೆ. ಲಂಡನ್ನಿನ ಕಿನಿಯರ್ ವಿಲ್ಸನ್ 1912ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಜೀನ್ ಸಿಕ್ಕಿದ್ದು 1993ರಲ್ಲಿ.

ಕೊಡದ ನೀರು ಕಾರಣವಲ್ಲದಿದ್ದರೂ ಇನ್ನು ಮುಂದೆ ಮಗನಿಗೆ ಅದು ಬೇಡ. ಹೊರಬಾಗಿಲು ಮುಚ್ಚಿದ ಮನೆಗೆ ಒಳಗೆ ಬರುವುದನ್ನಾದರೂ ಕಡಿಮೆ ಮಾಡಬೇಕಲ್ಲ. ಕುಡಿಯುವ ನೀರಿಗೆ ಸ್ಟೀಲು ಅಥವಾ ಮಣ್ಣಿನ ಪಾತ್ರೆ ಇಡಿ. ಸ್ನಾನಕ್ಕೆ ನೀರು ಕಾಸುವ ತಾಮ್ರದ ಹಂಡೆ ಇದ್ದಲ್ಲೇ ಇರಲಿ, ಚರ್ಮದಿಂದ ಏನೂ ಇಳಿಯುವುದಿಲ್ಲ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ, ಹುಣಸೆಹುಳಿ ಹಾಕಿದ ಸಾರು ಇಡಲೇಬಾರದು. ಹುಳಿ ತಾಮ್ರವನ್ನು ಕರಗಿಸುತ್ತದೆ, ಹಸಿರು ಕಿಲುಬು ಕಾಣುವುದು ಆಮೇಲೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು, ಹಾಲಿನ ವಿಷಯದಲ್ಲಿ ಮಾತ್ರ ಮರೆತರು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಸಿದ ಹಾಲು ಕುಡಿದ ಹಸುಗೂಸುಗಳಿಗೆ ಲಿವರ್ ಗಟ್ಟಿಯಾಗಿ ಸಾಯುವ ಬೇರೊಂದು ಕಾಯಿಲೆ ನಮ್ಮ ದೇಶದಲ್ಲಿತ್ತು. ಹಾಲಿನ ಪಾತ್ರೆಗೂ ಅದಕ್ಕೂ ಇರುವ ನಂಟನ್ನು ಪುಣೆಯ ಮಕ್ಕಳಲ್ಲಿ ನಡೆದ ಅಧ್ಯಯನ 1983ರಲ್ಲಿ ಎತ್ತಿ ತೋರಿಸಿತು. ಸ್ಟೀಲು ಪಾತ್ರೆ ಮನೆಮನೆಗೆ ಬಂದ ಮೇಲೆ ಅದು ಹೆಚ್ಚುಕಡಿಮೆ ಕಾಣೆಯಾಯಿತು. ನಿಮ್ಮ ಮಗನದು ಅದಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನೀವು ಮಾಡುತ್ತಿರುವ ಒಂದೇ ಒಂದು ತಪ್ಪು ಎರಡೂ ಔಷಧವನ್ನು ಒಟ್ಟಿಗೆ ಕೊಡುತ್ತಿರುವುದು.

ಪೆನಿಸಿಲಮೈನ್ ರಕ್ತಕ್ಕೆ ಇಳಿದು, ತಾಮ್ರವನ್ನು ಏಡಿ ಕೊಂಡಿಯಲ್ಲಿ ಹಿಡಿದಂತೆ ಹಿಡಿದು ಮೂತ್ರಪಿಂಡದ ದಾರಿಯಲ್ಲಿ ಹೊರಗೆ ಒಯ್ಯುತ್ತದೆ. ಹೀಗೆ ಲೋಹವನ್ನು ಹಿಡಿಯುವುದಕ್ಕೆ ವೈದ್ಯರು ಹೇಳುವ ಕೀಲೇಷನ್ ಎಂಬ ಪದ ಹುಟ್ಟಿದ್ದೇ ಏಡಿಯ ಕೊಂಡಿಗೆ ಗ್ರೀಕರು ಹೇಳುವ ಮಾತಿನಿಂದ. ಪಿತ್ತದ ಬಾಗಿಲು ಮುಚ್ಚಿದೆ, ಇದು ಹಿತ್ತಲ ಬಾಗಿಲು. ಜಿಂಕ್ ರಕ್ತದಲ್ಲಿ ಈ ಕೆಲಸ ಮಾಡುವುದಿಲ್ಲ. ಅದರ ಕೆಲಸ ಕರುಳಿನ ಒಳಪದರದಲ್ಲಿ. ಜಿಂಕ್ ಕಂಡ ಕರುಳಿನ ಜೀವಕೋಶ ಮೆಟಾಲೋಥಯೊನೀನ್ ಎಂಬ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ. ಆ ಪ್ರೋಟೀನಿಗೆ ಜಿಂಕಿಗಿಂತ ತಾಮ್ರದ ಮೇಲೆ ಹೆಚ್ಚು ಮೋಹ. ಊಟದಲ್ಲಿ ಬಂದ ತಾಮ್ರವನ್ನು ಅಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಬಿಡುವುದಿಲ್ಲ. ಮೂರರಿಂದ ಐದು ದಿನಕ್ಕೆ ಆ ಜೀವಕೋಶ ಉದುರಿ ಮಲದಲ್ಲಿ ಹೋಗುತ್ತದೆ, ತಾಮ್ರವೂ ಜೊತೆಗೆ ಹೋಗುತ್ತದೆ. ಅಂದರೆ ಜಿಂಕ್ ಹೊಸ ತಾಮ್ರವನ್ನು ತಡೆಯುತ್ತದೆ, ಪೆನಿಸಿಲಮೈನ್ ಹಳೆಯದನ್ನು ತೆಗೆಯುತ್ತದೆ. ಎರಡನ್ನೂ ಒಂದೇ ಗುಟುಕಿನಲ್ಲಿ ನುಂಗಿಸಿದರೆ ಪೆನಿಸಿಲಮೈನಿನ ಕೊಂಡಿ ಪಕ್ಕದಲ್ಲೇ ಇರುವ ಜಿಂಕನ್ನು ಹಿಡಿದುಬಿಡುತ್ತದೆ, ಅಲ್ಲಿಗೆ ಎರಡೂ ದಂಡ. ಹಾಗೆ ಕೊಟ್ಟೂ 900 ಬಂದಿದೆ ಎಂದರೆ ಸ್ವಲ್ಪ ಔಷಧ ಉಳಿದು ಕೆಲಸ ಮಾಡಿದೆ, ಅಷ್ಟೇ.

ನಡುವೆ ನಾಲ್ಕರಿಂದ ಆರು ತಾಸಿನ ಅಂತರ ಬೇಕು. ಊಟವೂ ಅಡ್ಡ ಬರಬಾರದು: ಹೊಟ್ಟೆಯಲ್ಲಿ ಅನ್ನ-ರೊಟ್ಟಿ ಇದ್ದರೆ ಪೆನಿಸಿಲಮೈನ್ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ರಕ್ತಕ್ಕೆ ಇಳಿಯುತ್ತದೆ. ಊಟಕ್ಕೆ ಒಂದು ತಾಸು ಮುಂಚೆ ಇಲ್ಲವೇ ಊಟವಾಗಿ ಎರಡು ತಾಸಿನ ಮೇಲೆ ಅದರ ಹೊತ್ತು. ಜಿಂಕಿಗೂ ಊಟಕ್ಕೂ ಎರಡೂ ಕಡೆ ಒಂದೊಂದು ತಾಸು ಇರಲಿ. ಶಾಲೆಗೆ ಹೋಗುವ ಹುಡುಗನಿಗೆ ಹೀಗೆ ಹೊಂದುತ್ತದೆ: ಮುಂಜಾನೆ 6ಕ್ಕೆ ಪೆನಿಸಿಲಮೈನ್, 7.30ಕ್ಕೆ ನಾಷ್ಟಾ, 11ಕ್ಕೆ ಶಾಲೆಯ ಸಣ್ಣ ಬಿಡುವಿನಲ್ಲಿ ಜಿಂಕ್, ಮಧ್ಯಾಹ್ನ 2ಕ್ಕೆ ಊಟ, ಸಂಜೆ 5ಕ್ಕೆ ಪೆನಿಸಿಲಮೈನ್, 6ರ ಮೇಲೆ ಚಹಾ-ಚುರುಮುರಿ, 8ಕ್ಕೆ ಊಟ, 10ಕ್ಕೆ ಮಲಗುವಾಗ ಜಿಂಕ್. ಜಿಂಕನ್ನು ನಸುಕಿನ ಬರಿಹೊಟ್ಟೆಗೆ ಇಡದಿರುವುದಕ್ಕೆ ಕಾರಣವಿದೆ: ಆ ಹೊತ್ತಿನಲ್ಲಿ ಅದು ಹೊಟ್ಟೆ ತೊಳಸಿ ವಾಂತಿ ತರಿಸುತ್ತದೆ, ಮಕ್ಕಳು ಮಾತ್ರೆ ಬಿಡುವುದು ಅಲ್ಲಿಂದಲೇ ಶುರು. ಈ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದು ಜಾರಿಗೆ ತನ್ನಿ. ಎಲ್ಲ ರೋಗಿಗಳಿಗೂ ಎರಡೂ ಔಷಧ ಬೇಕೆಂದೇನಿಲ್ಲ, ಅವರು ಒಂದನ್ನೇ ಉಳಿಸಲೂಬಹುದು.

ಶಾಲೆಯಲ್ಲಿ ಕಾಲು ತೊಡರಿಸುವ ಎರಡು ಸಂಗತಿಗಳಿವೆ. ಮುಂಜಾನೆ ಕೊಡುವ ಹಾಲನ್ನೂ ಊಟವೆಂದೇ ಎಣಿಸಿ, ಅದಾಗಿ ಒಂದು ತಾಸಿನ ಮೇಲೆ ಜಿಂಕ್. ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನೂ ಪೆನಿಸಿಲಮೈನ್ ಹಿಡಿದುಕೊಳ್ಳುತ್ತದೆ. ಆ ಮಾತ್ರೆ ಬೇಕೇ ಎಂದು ಮೊದಲು ವೈದ್ಯರನ್ನು ಕೇಳಿ. ಬೇಕೆಂದರೆ ಮಧ್ಯಾಹ್ನದ ಊಟವಾದ ತಕ್ಷಣ ನುಂಗಲಿ, ಆಗ ಎರಡೂ ಕಡೆ ಮೂರು ತಾಸು ಸಿಗುತ್ತದೆ. ಎದೆಯುರಿಗೆ ಕುಡಿಯುವ ಆಂಟಾಸಿಡ್ ಕೂಡ ಇದೇ ಜಾತಿ.

ಪ್ರಮಾಣ ವೈದ್ಯರದ್ದು, ಆದರೂ ನೀವು ಲೆಕ್ಕ ತಿಳಿದಿರಬೇಕು. ಮಕ್ಕಳಿಗೆ ಪೆನಿಸಿಲಮೈನ್ ಕಿಲೋಗೆ ದಿನಕ್ಕೆ ಸುಮಾರು 20 ಮಿಲಿಗ್ರಾಂ. 40 ಕಿಲೋ ಹುಡುಗನಿಗೆ 800, ಅಂದರೆ 250ರ ಮೂರು ಕ್ಯಾಪ್ಸೂಲಿನ ಆಸುಪಾಸು. ಇಷ್ಟನ್ನೂ ಮೊದಲ ದಿನವೇ ಕೊಡುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಈ ಔಷಧ ಬಿ6 ಜೀವಸತ್ವವನ್ನು ಕೆಡಿಸುವುದರಿಂದ ಪೈರಿಡಾಕ್ಸಿನ್ 25 ಮಿಲಿಗ್ರಾಂ ದಿನವೂ ಇರಬೇಕು. ನಿಮ್ಮ ಚೀಟಿಯಲ್ಲಿ ಅದು ಇದೆಯೇ ನೋಡಿ. ಜಿಂಕ್ ಒಂದನ್ನೇ ಕೊಡುವಾಗ 50 ಕಿಲೋದೊಳಗಿನ ಮಕ್ಕಳಿಗೆ ದಿನಕ್ಕೆ 75 ಮಿಲಿಗ್ರಾಂ, ಮೂರು ಪಾಲು ಮಾಡಿ. ಜೋಡಿಯಾಗಿ ಕೊಡುವಾಗ ಹಂಚಿಕೆ ಬೇರೆ. ಈ 75 ಶುದ್ಧ ಜಿಂಕಿನ ತೂಕ, ಮಾತ್ರೆಯ ಲವಣದ ತೂಕವಲ್ಲ: 220 ಮಿಲಿಗ್ರಾಂ ಜಿಂಕ್ ಸಲ್ಫೇಟಿನಲ್ಲಿ ಶುದ್ಧ ಜಿಂಕ್ 50 ಮಾತ್ರ. ಅಂಗಡಿಯವರು ಬದಲಿಗೆ ಕೊಡುವ ಮಲ್ಟಿವಿಟಮಿನ್ ಬೇಡ, ಬಹಳಷ್ಟರಲ್ಲಿ ತಾಮ್ರವನ್ನೂ ಸೇರಿಸಿರುತ್ತಾರೆ. ಇನ್ನೊಂದು ಎಡವಟ್ಟು ಹೆಸರಿನದು. ಪೆನಿಸಿಲಮೈನ್ ಬೇರೆ, ಪೆನಿಸಿಲಿನ್ ಬೇರೆ. ಪಾಕೀಟಿನ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿ. ಸಣ್ಣ ಊರಿನ ಅಂಗಡಿಯಲ್ಲಿ ಸದಾ ಸಿಗುವ ಮಾಲಲ್ಲ, ಒಂದು ತಿಂಗಳಿನದು ಮನೆಯಲ್ಲಿ ಹೆಚ್ಚಿಗೆ ಇರಲಿ.

ಅಡ್ಡಪರಿಣಾಮ ಕಾಡುವುದು ಹೆಚ್ಚಾಗಿ ಮೊದಲ ಮೂರು ವಾರದೊಳಗೆ: ಜ್ವರ, ಮೈಮೇಲೆ ಗಂಧೆ, ಕುತ್ತಿಗೆಯಲ್ಲಿ ಗಂಟು. ನೀವು ಆ ಗಡಿ ದಾಟಿದ್ದೀರಿ. ಆದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಆಮೇಲೂ ಆಗಬಹುದು. ಮೂತ್ರ ನೊರೆನೊರೆಯಾದರೆ, ಮುಖ-ಕಾಲು ಬಾತರೆ, ಗಂಟಲು ನೋವಿನ ಜೊತೆ ಜ್ವರ ಬಂದರೆ ಅವತ್ತೇ ತೋರಿಸಿ. ರಕ್ತಕಣಗಳ ಎಣಿಕೆ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮೊದಲ ತಿಂಗಳು ವಾರಕ್ಕೊಮ್ಮೆ, ಬಳಿಕ ಕೆಲವು ತಿಂಗಳು ತಿಂಗಳಿಗೊಮ್ಮೆ, ಎಲ್ಲ ಸರಿಯಿದ್ದರೆ ಆರು ತಿಂಗಳಿಗೊಮ್ಮೆ. ಮಿದುಳಿಗೆ ತಾಮ್ರ ತಟ್ಟಿದವರಲ್ಲಿ ಔಷಧ ಶುರುವಾದ ಮೇಲೆ ಕೈನಡುಕ, ಮಾತಿನ ತೊದಲು ಕೆಲಕಾಲ ಹೆಚ್ಚಾಗುವುದೂ ಉಂಟು. ನಿಮ್ಮ ಹುಡುಗನದು ಲಿವರ್ ತೊಂದರೆಯಾದರೂ ಒಂದು ನೋಟುಬುಕ್ಕಿನಲ್ಲಿ ಪ್ರತಿ ಭಾನುವಾರ ಒಂದೇ ಸಾಲನ್ನು ಅವನ ಕೈಯಿಂದ ಬರೆಸಿ, ಪಕ್ಕದಲ್ಲಿ ತಾರೀಖು ಹಾಕಿ. ಅಕ್ಷರ ಸಣ್ಣದಾಗುತ್ತ ಹೋದರೆ, ಸಾಲು ಓರೆಯಾದರೆ ಕಣ್ಣಿಗಿಂತ ಮೊದಲು ಕಾಗದಕ್ಕೆ ಗೊತ್ತಾಗುತ್ತದೆ. ಓದಿನಲ್ಲಿ ಹಿಂದೆ ಬಿದ್ದ, ಸಿಟ್ಟು ಮಾಡುತ್ತಾನೆ ಎಂದು ಬೈದು ವರ್ಷ ಕಳೆದು ಕೊನೆಗೆ ವಿಲ್ಸನ್ ಎಂದು ಗೊತ್ತಾದ ಮಕ್ಕಳಿದ್ದಾರೆ. ನರದ ಲಕ್ಷಣ ಕಂಡರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಈ ಕಾಯಿಲೆಯಲ್ಲಿ ದೀರ್ಘ ಅನುಭವವಿದೆ.

ಮೂತ್ರ ಹಿಡಿಯುವುದರಲ್ಲೇ ಎಷ್ಟೋ ವರದಿ ಕೆಡುತ್ತವೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಪ್ರಯೋಗಾಲಯದವರು ಕೊಡುವ, ಲೋಹದ ಅಂಶವಿಲ್ಲದಂತೆ ತೊಳೆದ ಪ್ಲಾಸ್ಟಿಕ್ ಕ್ಯಾನನ್ನೇ ಬಳಸಿ. ಕ್ಯಾನಿನ ತಳದಲ್ಲಿ ಆಮ್ಲ ಹಾಕಿ ಕೊಟ್ಟಿದ್ದರೆ ಚೆಲ್ಲಬೇಡಿ, ಮುಟ್ಟಬೇಡಿ. ಭಾನುವಾರ ಮುಂಜಾನೆ 6ಕ್ಕೆ ಎದ್ದು ಹೋಗುವ ಮೊದಲ ಮೂತ್ರವನ್ನು ಹಿಡಿಯುವುದಿಲ್ಲ. ಗಡಿಯಾರ ಶುರುವಾಗುವುದು ಅಲ್ಲಿಂದ. ಆಮೇಲಿನ ಪ್ರತಿ ಹನಿಯೂ ಕ್ಯಾನಿಗೆ, ಸೋಮವಾರ ಮುಂಜಾನೆ 6ರ ಮೂತ್ರವೂ ಸೇರಿ. ಹಿತ್ತಾಳೆ ಚೊಂಬು, ಸ್ಟೀಲು ಲೋಟದಲ್ಲಿ ಹಿಡಿದು ಸುರಿಯಬೇಡಿ, ಪ್ಲಾಸ್ಟಿಕ್ ಮಗ್ ಸಾಕು. ಒಂದು ಸಲ ಬಯಲಿಗೆ ಹೋಗಿ ಬಂದರೂ ಆ ದಿನದ ಲೆಕ್ಕ ಬಿಟ್ಟು ಇನ್ನೊಂದು ಭಾನುವಾರ ಹಿಡಿಯಿರಿ, ಅಂದಾಜಿನ ಅಂಕಿಗಿಂತ ಅಂಕಿ ಇಲ್ಲದಿರುವುದು ಮೇಲು. ಅವತ್ತು ಯಾವ ಮಾತ್ರೆ ಎಷ್ಟು ಗಂಟೆಗೆ ಎಂದು ಚೀಟಿ ಅಂಟಿಸಿ ಕೊಡಿ.

ಪಥ್ಯದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮೊದಲ ವರ್ಷ ಕುರಿ-ಕೋಳಿಯ ಲಿವರ್, ಸಿಗಡಿ-ಏಡಿ, ಗೋಡಂಬಿ, ಅಣಬೆ, ಚಾಕೊಲೇಟ್ ಬಿಡಿಸಿ. ನಮ್ಮ ಕಡೆ ದಿನವೂ ತಟ್ಟೆಗೆ ಬರುವ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಎಳ್ಳಿನಲ್ಲಿ ತಾಮ್ರ ಹೆಚ್ಚು. ಒಂದು ವರ್ಷ ಅವನ ಪಾಲಿಗೆ ಪುಠಾಣಿ ಚಟ್ನಿಯನ್ನೇ, ಅದೂ ಮಿತವಾಗಿ, ಕೊಡಿ. ಜೋಳದ ರೊಟ್ಟಿ, ಅನ್ನ, ಹಾಲು, ಮೊಸರು, ಮೊಟ್ಟೆಗೆ ತಡೆಯಿಲ್ಲ. ಬೇಜಾರಾದಾಗ ಧಾರವಾಡ ಪೇಢೆ ತಿನ್ನಲಿ, ಹಾಲಿನಲ್ಲಿ ತಾಮ್ರ ತೀರ ಕಡಿಮೆ. ಪಥ್ಯ ಎಷ್ಟು ಕಟ್ಟುನಿಟ್ಟಾಗಿದ್ದರೂ ಔಷಧಕ್ಕೆ ಬದಲಿಯಾಗುವುದಿಲ್ಲ. ಕಾಮಣಿ ಔಷಧ ಮತ್ತೆ ಬೇಡ, ಅದರಲ್ಲೂ ತಾಮ್ರಭಸ್ಮ ಸೇರಿದ್ದು ಈ ಹುಡುಗನಿಗೆ ನೇರವಾಗಿ ವಿಷ. ಅವನ ಕಾಮಣಿ ತಾನಾಗಿ ಇಳಿದು ಏರುತ್ತಿತ್ತು, ಔಷಧಕ್ಕೆ ಹೆಸರು ಬಂತು.

ಡ್ರಿಪ್ ಹಾಕಿ ಒಮ್ಮೆಲೇ ತೆಗೆಯುವ ಮಾತಿಗೆ ಕಿವಿಗೊಡಬೇಡಿ. ಅಲ್ಲಿ ಸಾಮಾನ್ಯವಾಗಿ ಬಳಸುವುದು ಇಡಿಟಿಎ ಎಂಬ ಲೋಹ ಹಿಡಿಯುವ ರಾಸಾಯನಿಕ. ಅದು ವಿಲ್ಸನ್ ಕಾಯಿಲೆಯ ಔಷಧವೇ ಅಲ್ಲ, ಅದರ ಒಂದು ಬಗೆ ರಕ್ತದ ಕ್ಯಾಲ್ಸಿಯಂ ಎಳೆದು ಹೃದಯ ನಿಲ್ಲಿಸಿ ಮಕ್ಕಳು ಸತ್ತದ್ದೂ ಉಂಟು. ವರ್ಷಗಟ್ಟಲೆ ಕೂತ ತಾಮ್ರವನ್ನು ಒಂದೇ ದಿನ ಕೆದಕಿದರೆ ಅದು ಹೊರಗೆ ಹೋಗುವ ಬದಲು ಮಿದುಳಿಗೆ ಸರಿಯಬಹುದು. ಚುಚ್ಚುಮದ್ದಿನ ಕಾಲ ಮುಗಿದು ಬಹಳ ವರ್ಷವಾಯಿತು: 1951ರ ಸುಮಾರಿಗೆ ಶೇಂಗಾ ಎಣ್ಣೆಯಲ್ಲಿ ಕಲಸಿದ ಬಿಎಎಲ್ ಎಂಬ ನೋವಿನ ಸೂಜಿ ಚುಚ್ಚುತ್ತಿದ್ದರು. 1956ರಲ್ಲಿ ಜಾನ್ ವಾಲ್ಶ್ ಪೆನಿಸಿಲಮೈನನ್ನು ಬಾಯಿಂದ ಕೊಟ್ಟು ತೋರಿಸಿದರು. ಅದು ಒಗ್ಗದವರಿಗೆ ಟ್ರಯೆಂಟೀನ್ ಎಂಬ, ತಾಮ್ರ ಹಿಡಿಯುವ ಇನ್ನೊಂದು ಔಷಧ ಇದೆ. ಲಿವರ್ ಪೂರ್ತಿ ಕೈಕೊಟ್ಟರೆ ಕಸಿ; ಹೊಸ ಲಿವರ್‌ನಲ್ಲಿ ಪಂಪು ಸರಿಯಿರುವುದರಿಂದ ತಾಮ್ರದ ತೊಂದರೆ ಮುಗಿಯುತ್ತದೆ.

ಜೀವಕೋಶದ ಲೋಹದ ದಾರಿಗೆ ಕೈಹಾಕಿ ರೋಗ ಹಿಡಿತಕ್ಕೆ ತರುವುದು ತಾಮ್ರಕ್ಕಷ್ಟೇ ಸೀಮಿತವಲ್ಲ. ಥಲಸೇಮಿಯಾ ಮಕ್ಕಳಿಗೆ ಏರಿಸುವ ಪ್ರತಿ ಬಾಟಲಿ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಹೋಗುತ್ತದೆ, ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಅವರಿಗೆ ಕಬ್ಬಿಣ ಹಿಡಿಯುವ ಡೆಫೆರಾಸಿರಾಕ್ಸ್ ಮಾತ್ರೆ ಇದೆ. ಮೆಂಕೆಸ್ ಎಂಬ ಕಾಯಿಲೆಯಲ್ಲಿ ಅಣ್ಣತಮ್ಮನಂತಿರುವ ಎಟಿಪಿ7ಎ ಪಂಪು ಕೆಟ್ಟು ಕರುಳಿನಿಂದ ತಾಮ್ರ ಮೈಗೆ ಸೇರುವುದೇ ಇಲ್ಲ, ಆ ಕೂಸುಗಳಿಗೆ ತಾಮ್ರವನ್ನೇ ಚುಚ್ಚಿ ಕೊಡುತ್ತಾರೆ. ತಾಮ್ರ ಹೆಚ್ಚಾಗಿ ಜೀವಕೋಶ ಸಾಯುವ ಪ್ರತ್ಯೇಕ ಬಗೆಯೊಂದನ್ನು 2022ರಲ್ಲಿ ಗುರುತಿಸಿ ಕ್ಯೂಪ್ರಾಪ್ಟೋಸಿಸ್ ಎಂದು ಹೆಸರಿಟ್ಟರು, ಕ್ಯಾನ್ಸರಿಗೆ ಅದನ್ನು ತಿರುಗಿಸಬಹುದೇ ಎಂದು ನೋಡುತ್ತಿದ್ದಾರೆ. ವಿಲ್ಸನ್ನಿಗೆ ಜೀನ್ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದ್ದು. ಇವತ್ತಿಗೆ ನಿಮ್ಮ ಮನೆಯ ಮಾತ್ರೆಡಬ್ಬಿಯೇ ಗಟ್ಟಿ.

ಆ ಡಬ್ಬಿ ಜೀವನಪೂರ್ತಿಯದು. ಕೆಲವು ವರ್ಷದ ಮೇಲೆ ಪ್ರಮಾಣ ಇಳಿಯಬಹುದು, ಜಿಂಕ್ ಒಂದರ ಮೇಲೇ ನಡೆಸಬಹುದು, ನಿಲ್ಲುವುದಿಲ್ಲ. ಹುಡುಗ ಹದಿನೆಂಟು-ಇಪ್ಪತ್ತರಲ್ಲಿ ಹಾಸ್ಟೆಲ್ಲಿಗೆ ಹೋಗಿ, ಮೈಯೂ ಚೆನ್ನಾಗಿದೆಯೆಂದು ಬಿಟ್ಟುಬಿಡುವುದು ಈ ಕಾಯಿಲೆಯಲ್ಲಿ ಅತ್ಯಂತ ಅಪಾಯದ ಘಟ್ಟ. ಬಿಟ್ಟವರಿಗೆ ಕೆಲವು ತಿಂಗಳಿಂದ ಕೆಲವು ವರ್ಷದೊಳಗೆ ಲಿವರ್ ದಿಢೀರನೆ ಕೈಕೊಡುತ್ತದೆ, ಆಗ ಮತ್ತೆ ಮಾತ್ರೆ ಶುರು ಮಾಡಿದರೂ ಹಲವರಿಗೆ ನಾಟುವುದಿಲ್ಲ. ಮುಂದೆ ಯಾವುದೇ ಆಪರೇಷನ್ ಎಂದಾದರೆ ಪೆನಿಸಿಲಮೈನ್ ವಿಷಯ ಸರ್ಜನ್‌ಗೆ ಮೊದಲೇ ಹೇಳಬೇಕು, ಗಾಯ ಮಾಯುವುದನ್ನು ಅದು ನಿಧಾನ ಮಾಡುತ್ತದೆ.

ಕೊನೆಗೆ ತಂಗಿ. ಅವಳಿಗೂ ಕಾಯಿಲೆ ಇರುವ ಸಂಭವ ನಾಲ್ಕರಲ್ಲಿ ಒಂದು. ಸೋದರ ಸಂಬಂಧದಲ್ಲಿ ಒಂದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು, ಅದರಲ್ಲಿ ಯಾರ ತಪ್ಪೂ ಇಲ್ಲ. ಆರಾಮಾಗಿದ್ದಾಳೆ ಎಂಬುದು ಪರೀಕ್ಷೆ ಬಿಡಲು ಕಾರಣವಲ್ಲ, ಪರೀಕ್ಷೆಗೆ ಅದೇ ಸರಿಯಾದ ಹೊತ್ತು. ಲಿವರ್ ಪರೀಕ್ಷೆ, ಸೆರುಲೋಪ್ಲಾಸ್ಮಿನ್, 24 ತಾಸಿನ ಮೂತ್ರದ ತಾಮ್ರ, ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಸ್ಲಿಟ್ ಲ್ಯಾಂಪಿನಿಂದ ಕರಿಗುಡ್ಡೆಯ ಅಂಚಿನ ಉಂಗುರ ನೋಡಿಸುವುದು. ಮಕ್ಕಳಲ್ಲಿ ಉಂಗುರ ಇಲ್ಲದಿದ್ದರೂ ಕಾಯಿಲೆ ಇರಬಹುದು. ಒಂದೇ ಕೆಟ್ಟ ಜೀನ್ ಇರುವ, ಕಾಯಿಲೆಯೇ ಇಲ್ಲದ ಮಕ್ಕಳಲ್ಲೂ ಸೆರುಲೋಪ್ಲಾಸ್ಮಿನ್ ತುಸು ಕಡಿಮೆ ಬರುವುದುಂಟು, ಅದೊಂದರ ಮೇಲೆ ತೀರ್ಮಾನ ಬೇಡ. ಸಂಶಯ ಉಳಿದರೆ ಮೊದಲು ಮಗನ ಜೀನ್ ಪರೀಕ್ಷೆ ಮಾಡಿಸಿ. ಅವನಲ್ಲಿ ಕೆಟ್ಟ ಜಾಗ ಸಿಕ್ಕರೆ ಅವಳಲ್ಲಿ ಅದೊಂದನ್ನೇ ಹುಡುಕಿದರಾಯಿತು. ಇದೆ ಎಂದಾದರೆ ಲಕ್ಷಣ ಕಾಣುವ ಮುಂಚೆಯೇ ಔಷಧ ಶುರು, ಅಂಥ ಮಕ್ಕಳಿಗೆ ಸಾಮಾನ್ಯವಾಗಿ ಜಿಂಕ್ ಒಂದೇ ಸಾಕಾಗುತ್ತದೆ. ಮಗನ ಮುಂದಿನ ಭೇಟಿಗೆ ಅವಳನ್ನೂ ಕರೆದುಕೊಂಡು ಹೋಗಿ. ಸೆರುಲೋಪ್ಲಾಸ್ಮಿನ್‌ಗೆ ಉಪವಾಸ ಬೇಕಿಲ್ಲ, ಗದಗಿನಿಂದ ಹೊರಡುವಾಗ ನಾಷ್ಟಾ ಮಾಡಿಸಿಕೊಂಡೇ ಹೊರಡಿ.